ಪ್ರವಾದಿಯ ತಾರೀಖುಗಳು

ಮೂವತ್ತು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಪಳಗಿಸಿಕೊಂಡಿದ್ದವನನ್ನು ನಿವೃತ್ತಿಯಾದ ಮೇಲೂ ಎಲ್ಲರೂ ಟೈಂಕೀಪರ್ ಎಂದೇ ಕರೆಯುತ್ತಿದ್ದರು. ಅವನು ಮದುವೆಯ ಗೋಜಿಗೆ ಹೋದವನಲ್ಲ. ಮಹಡಿಯ ಮೇಲಿನ ಒಂಟಿ ಕೋಣೆ ಅವನದು. ಕೆಳಗಿನ ಎರಡು ಕೋಣೆಗಳಲ್ಲಿ ಗಂಡ ತೀರಿಕೊಂಡ ತಂಗಿ, ಅವಳ ಮಗಳು. ತಂಗಿ ಹೊಲಿಗೆಯವಳು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ, ಏನು ತಂದುಕೊಟ್ಟರೂ ಒಲ್ಲೆ ಎನ್ನುತ್ತಿರಲಿಲ್ಲ. ಬೆಳಿಗ್ಗೆ ಅವಳ ಮಿಷನ್ನು ಗಡಗಡ ಶುರುವಾಯಿತೆಂದರೆ ಮೇಲೆ ಇವನಿಗೆ ಎಚ್ಚರ.

ಕೈಯಲ್ಲಿ ಕೆಲಸವಿಲ್ಲದೆ ಚಡಪಡಿಸುತ್ತಿದ್ದ ಆ ದಿನಗಳಲ್ಲಿ ಅವನಿಗೆ ಬೈಬಲಿನಲ್ಲಿ ಪ್ರವಾದಿ ಯೆಹೆಜ್ಕೇಲ ಸಿಕ್ಕಿದ. ಬಾಬೆಲಿನವರು ಸೆರೆಹಿಡಿದು ಸಾಗಿಸಿದ ಇಬ್ರಿಯರಲ್ಲಿ ಒಬ್ಬ ಈತ. ಪರದೇಶದ ನದಿಯ ದಂಡೆಯಲ್ಲಿದ್ದಾಗ ಆಕಾಶ ತೆರೆದು, ಚಕ್ರದೊಳಗೆ ಚಕ್ರ, ನಾಲ್ಕು ಮುಖದ ಜೀವಿಗಳು ಕಂಡವು. ಓದಿದವರೆಲ್ಲ ಆ ಚಕ್ರಗಳಿಗೆ ಮರುಳಾದರೆ ಟೈಂಕೀಪರ್ ಮರುಳಾದದ್ದು ತಾರೀಖಿಗೆ. ಸೆರೆಯಾದ ಐದನೆಯ ವರ್ಷ, ನಾಲ್ಕನೆಯ ತಿಂಗಳು, ಐದನೆಯ ದಿನ! ಎಷ್ಟೋ ಪ್ರವಾದಿಗಳು ಇಂಥ ಅರಸನ ಕಾಲದಲ್ಲಿ ಎಂದು ಹೇಳಿ ಕೈತೊಳೆದುಕೊಂಡಿದ್ದರೆ, ಈ ಪುಣ್ಯಾತ್ಮ ಒಂದೊಂದು ದರ್ಶನಕ್ಕೂ ವರ್ಷ, ತಿಂಗಳು, ದಿನ ಕೊಟ್ಟಿದ್ದ.

ಒಂದೇ ಕಿರಿಕಿರಿ. ಮಾತುಗಳು ತಾರೀಖಿನ ಸಾಲಿನಲ್ಲಿ ಇರಲಿಲ್ಲ. ಹತ್ತನೆಯ ವರ್ಷದ ಮಾತಿನ ಬೆನ್ನಿಗೇ ಇಪ್ಪತ್ತೇಳನೆಯ ವರ್ಷದ್ದು ಬಂದು ಕೂತಿತ್ತು, ಅದರ ಹಿಂದೆ ಮತ್ತೆ ಹನ್ನೊಂದನೆಯದು. ಬಸ್ಸುಗಳನ್ನು ಹೀಗೆ ನಿಲ್ಲಿಸಿದ್ದರೆ ಜನ ಕಲ್ಲು ತೂರುತ್ತಿದ್ದರು ಅಂದುಕೊಂಡ. ತಂಗಿಯಿಂದ ಬಿಳಿಯ ಬಟ್ಟೆ ಇಸಿದುಕೊಂಡು, ಅವಳದೇ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೇಲೆ ಬಣ್ಣ ಕೊಟ್ಟು, ಪ್ರವಾದಿಯ ದರ್ಶನಗಳನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದ. ಅಂಚು ಮಡಿಸಿ ಹೊಲಿದುಕೊಟ್ಟವಳು ತಂಗಿ.

"ಚೆನ್ನಾಗಿದೆ ಅಣ್ಣ. ಆ ಪ್ರವಾದಿ ನೋಡಿದ್ರೆ ನಿನ್ನನ್ನೇ ಗುಮಾಸ್ತ ಮಾಡ್ಕೋತಿದ್ದ" ಎಂದಳು.

ಅವರ ಚರ್ಚಿನ ಸಭೆ ಸೇರುತ್ತಿದ್ದುದು ಟೈರ್ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ. ರಬ್ಬರಿನ ವಾಸನೆ ಮೆಟ್ಟಿಲೇರಿ ಪ್ರಾರ್ಥನೆಗೂ ಬರುತ್ತಿತ್ತು; ಗಾಳಿ ತುಂಬುವ ಯಂತ್ರ ಕೆಳಗೆ ಶುರುವಾದರೆ ಪಾಸ್ಟರ್ ಕಣ್ಣು ಮುಚ್ಚಿಕೊಂಡೇ ಸುಮ್ಮನೆ ನಿಂತು ಕಾಯುತ್ತಿದ್ದರು. ಪ್ರತಿ ಬುಧವಾರ ಸಂಜೆ ಟೈಂಕೀಪರ್ ಅಲ್ಲಿ ಬಟ್ಟೆ ಹರಡಿ ಪಾಠ ಹೇಳತೊಡಗಿದ. ಹತ್ತು ಹನ್ನೆರಡು ಜನ ಬರುತ್ತಿದ್ದರು. ಒಂದು ಬುಧವಾರ ಟೈರ್ ಅಂಗಡಿಯ ಯಜಮಾನ ಕೈಯೆತ್ತಿದ.

"ಎಲ್ಲಾ ಸರಿ ಸಾರ್. ಅವರ ಬಸ್ಸೆಲ್ಲ ಟೈಮಿಗೆ ಸರಿಯಾಗಿ ಬಂತು. ನಮ್ಮ ಬಸ್ಸು ಎಷ್ಟೊತ್ತಿಗೆ?"

ಹಾಲಿಗೆ ಹಾಲೇ ನಕ್ಕಿತು. ಟೈಂಕೀಪರನೂ ನಕ್ಕ. ಆದರೆ ಲೋಕ ಮುಗಿದು, ಸತ್ತವರು ಎದ್ದು, ಎಲ್ಲ ಹೊಸದಾಗುವ ದಿನ ಯಾವುದೆಂಬ ಆ ಪ್ರಶ್ನೆ ಅವನ ಹಿಂದೆಯೇ ಮನೆಗೆ ಬಂತು. ಪ್ರವಾದಿ ಎಡಮಗ್ಗುಲಿಗೂ ಬಲಮಗ್ಗುಲಿಗೂ ಇಷ್ಟಿಷ್ಟು ದಿನ ಮಲಗಬೇಕೆಂದು ದೇವರ ಅಪ್ಪಣೆಯಾಗಿತ್ತಲ್ಲ, ಒಂದು ದಿನವೆಂದರೆ ಒಂದು ವರ್ಷದ ಲೆಕ್ಕ ಎಂದು. ಅದನ್ನು ಹಿಡಿದು ಕೂಡಿಸಿದ, ಗುಣಿಸಿದ, ಅಲ್ಲೊಂದು ಇಲ್ಲೊಂದು ಎಳೆ ಜಗ್ಗಿದ. ಲೆಕ್ಕ ಬಂದು ನಿಂತದ್ದು ಅದೇ ವರ್ಷದ ಅಕ್ಟೋಬರಿನ ಒಂದು ದಿನಕ್ಕೆ. ಮೂರು ಸಲ ಮಾಡಿದ. ಮೂರು ಸಲವೂ ಅಕ್ಟೋಬರ್. ಯಾರಿಗೂ ಏನೂ ಹೇಳಲಿಲ್ಲ. ಬಟ್ಟೆಯ ತುದಿಯಲ್ಲಿ ಒಂದು ಕೆಂಪು ಗುರುತು ಹಾಕಿ ಪಕ್ಕದಲ್ಲಿ ಆ ತಾರೀಖು ಬರೆದ, ಅಷ್ಟೇ.

ಅಷ್ಟು ಸಾಕಾಯಿತು. ಮುಂದಿನ ಬುಧವಾರಗಳಲ್ಲಿ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮಾತಾಡಿಕೊಂಡರು. ಒಬ್ಬರು ಸೋರುವ ಸೂರಿಗೆ ಹಂಚು ಹಾಕಿಸುವುದನ್ನೇ ಬಿಟ್ಟರು. ಹರೆಯದ ಮಗನನ್ನು ಕಳೆದುಕೊಂಡಿದ್ದ ಒಬ್ಬ ತಾಯಿ ಮುಂದಿನ ಸಾಲಿನಲ್ಲಿ ಬಂದು ಕೂತು ಆ ಗುರುತನ್ನೇ ನೋಡುತ್ತಿದ್ದಳು. ಪಾಸ್ಟರಿಗೆ ಇದು ಒಳಗೊಳಗೇ ಇರುಸುಮುರುಸು. "ಜೋಪಾನ ಸಾರ್" ಎಂದರು ಒಮ್ಮೆ, ಅಷ್ಟಕ್ಕೇ ಬಿಟ್ಟರು. ಟೈಂಕೀಪರ್ ಎದೆಯುಬ್ಬಿಸಿಕೊಂಡು ಓಡಾಡಿದ. ಸುಳ್ಳೇಕೆ, ಹುಟ್ಟಿದಾಗಿನಿಂದ ಅವನ ಮಾತನ್ನು ಅಷ್ಟು ಜನ ಬಾಯಿಬಿಟ್ಟುಕೊಂಡು ಕೇಳಿದ್ದೇ ಇಲ್ಲ. ನಿಲ್ದಾಣದಲ್ಲಂತೂ ಬಸ್ಸು ಬಂದರೆ ಅವನ ದನಿ ಯಾರಿಗೆ ಬೇಕಿತ್ತು?

ಜೂನಿನ ಒಂದು ಮಧ್ಯಾಹ್ನ ತಂಗಿಯ ಮಗಳು ಮೇಲೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಆ ಹೊತ್ತಿನಲ್ಲಿ ಮನೆಯಲ್ಲಿರುವುದೇ ಅಪರೂಪ. ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು.

"ಮಾವ, ಅಮ್ಮನ ಎದೇಲಿ ಗಂಟಿದೆ."

"ಯಾವಾಗಿಂದ?"

"ಮಾರ್ಚಲ್ಲೇ ಡಾಕ್ಟ್ರು ನೋಡಿ, ಪರೀಕ್ಷೆ ಮಾಡಿಸಿ, ತಕ್ಷಣ ಆಪರೇಷನ್ ಅಂದ್ರಂತೆ. ನನಗೆ ಹೇಳೇ ಇಲ್ಲ. ಮೊನ್ನೆ ಸ್ನಾನಕ್ಕೆ ಬಟ್ಟೆ ಕೊಡೋಕೆ ಹೋದಾಗ ನೋಡಿದೆ. ಕೇಳಿದ್ರೆ, ಅಕ್ಟೋಬರ್ ಕಳೀಲಿ ಅಂತಾಳೆ. ಎಲ್ಲಾ ಹೊಸದಾಗೋ ಟೈಮಲ್ಲಿ ಹಳೇ ಮೈಗೆ ಯಾಕೆ ಕತ್ತರಿ ಹಾಕಿಸ್ಲಿ ಅಂತಾಳೆ. ಅವಳು ನನ್ನ ಮಾತು ಕೇಳಲ್ಲ. ನೀವೇ ಹೇಳ್ಬೇಕು. ಆ ಲೆಕ್ಕ ಕಟ್ಟಿದವರು ನೀವೇ ತಾನೆ?"

ಅವನು ಚಪ್ಪಲಿಯನ್ನೂ ಮೆಟ್ಟದೆ ಇಳಿದು ಹೋದ. ತಂಗಿ ಒಂದು ಅಂಗಿಗೆ ಗುಂಡಿಯ ಕಾಜ ಹೊಲಿಯುತ್ತಿದ್ದಳು. ಅಣ್ಣನ ಮುಖ ನೋಡಿಯೇ ತಿಳಿದುಕೊಂಡಳು.

"ಹೇಳಿಬಿಟ್ಳಾ? ಬಾಯಲ್ಲಿ ಒಂದು ಮಾತು ನಿಲ್ಲಲ್ಲ ಇವಳಿಗೆ."

"ನಾಳೆನೇ ಆಸ್ಪತ್ರೆಗೆ ಹೋಗೋಣ."

"ಯಾಕೆ? ಲೆಕ್ಕ ತಪ್ಪಿದೆಯಾ?"

"ಲೆಕ್ಕದ ಮಾತು ಬೇರೆ, ಮೈಯ ಮಾತು ಬೇರೆ."

"ಅದು ಹ್ಯಾಗಣ್ಣ ಬೇರೆ ಆಗುತ್ತೆ?" ಅವಳ ದನಿಯಲ್ಲಿ ಜಗಳವಿರಲಿಲ್ಲ, ಅದೇ ಅವನನ್ನು ಹೆದರಿಸಿದ್ದು. "ಅಕ್ಟೋಬರ್ ನಿಜ ಅಂತಾದ್ರೆ ನಾನು ಕಾಯ್ತೀನಿ. ಸುಳ್ಳು ಅಂತಾದ್ರೆ ಹೇಳು, ಈಗಲೇ ಹೊರಡ್ತೀನಿ."

ಆದರೆ ಅವನು ಅದನ್ನು ನಂಬಿದ್ದ. ಊರಿಗೆಲ್ಲ ತೋರಿಸಿ ತಾನು ನಂಬದೇ ಇರುವ ಜಾತಿಯವನಲ್ಲ ಅವನು. ತಂಗಿ ಬದುಕಬೇಕು, ಅಕ್ಟೋಬರೂ ಬರಬೇಕು. ಎರಡೂ ಒಂದೇ ಎದೆಯೊಳಗೆ ಗುದ್ದಾಡುತ್ತಿದ್ದವು.

ಎರಡು ದಿನ ಅವನು ಬಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಪ್ಪು ಹುಡುಕಿದ. ಬೇರೆಯವರು ತಮ್ಮ ಲೆಕ್ಕ ಸರಿಯಾಗಲಿ ಎಂದು ಹರಕೆ ಹೊತ್ತರೆ ಇವನು ತಪ್ಪಾಗಿರಲಿ ಎಂದು ಬೇಡಿಕೊಂಡ. ತಪ್ಪು ಸಿಗಲಿಲ್ಲ. ಕೊನೆಗೆ ಕೆಳಗೆ ಹೋಗಿ, "ನೋಡಿದೆ ಕಣೆ, ಒಂದು ಕಡೆ ಎಡವಟ್ಟಾಗಿದೆ, ಅಕ್ಟೋಬರ್ ಅಲ್ಲ" ಅಂದ.

ತಂಗಿ ಸೂಜಿ ಕೆಳಗಿಟ್ಟು ಅವನನ್ನು ದಿಟ್ಟಿಸಿದಳು. "ಸುಳ್ಳು ಹೇಳುವಾಗ ಎಡಗಿವಿ ಹಿಡ್ಕೋತೀಯ. ಅಪ್ಪನ ಹತ್ರ ಸಿಕ್ಕಿಬೀಳ್ತಿದ್ದದ್ದೂ ಹಾಗೇ."

ಅವನ ಕೈ ಕಿವಿಯಲ್ಲೇ ಇತ್ತು.

ಪಾಸ್ಟರ್ ಬಳಿ ಹೋದ. ಅವರು ಎಲ್ಲ ಕೇಳಿಸಿಕೊಂಡು ಬಹಳ ಹೊತ್ತು ಕನ್ನಡಕ ಒರೆಸಿದರು. "ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ ಸಾರ್. ಮೊದಲೇ ತಡೀಬೇಕಿತ್ತು, ತಡೀಲಿಲ್ಲ. ಹಾಲು ತುಂಬ್ತಿತ್ತಲ್ಲ, ನನಗೂ ಖುಷಿಯಾಗಿತ್ತು" ಎಂದರು.

ಮನೆಗೆ ಬಂದು, ಬೇರೇನೂ ತೋಚದೆ, ತಾನು ಜೋಡಿಸಿದ್ದನ್ನೇ ಮೊದಲಿನಿಂದ ಓದುತ್ತ ಬಂದ. ಸಾಲಿನ ಕೊನೆಯಲ್ಲಿ, ಕೆಂಪು ಗುರುತಿಗೆ ಮುಂಚೆ, ಆ ಇಪ್ಪತ್ತೇಳನೆಯ ವರ್ಷದ ಮಾತಿತ್ತು. ತಪ್ಪಿದ ಜಾಗದಿಂದ ಕಿತ್ತು ತುದಿಗೆ ಹಾಕಿದ ಹೆಮ್ಮೆಯಲ್ಲಿ ಅದು ಏನು ಹೇಳುತ್ತದೆಂದು ಅವನು ತಲೆಕೆಡಿಸಿಕೊಂಡಿರಲೇ ಇಲ್ಲ. ಈಗ ಓದಿದ. ವರ್ಷಗಳ ಹಿಂದೆ ಪ್ರವಾದಿ ಹೇಳಿದ್ದ: ಬಾಬೆಲಿನ ಅರಸ ತೂರ್ ಎಂಬ ಕಡಲ ಪಟ್ಟಣಕ್ಕೆ ಮುತ್ತಿಗೆ ಹಾಕುತ್ತಾನೆ, ಅದರ ಸಿರಿಯನ್ನೆಲ್ಲ ಸೂರೆಮಾಡುತ್ತಾನೆ ಎಂದು. ಇದು ಅದೇ ಪ್ರವಾದಿಯ ಮುಪ್ಪಿನ ಮಾತು. ಹೊರೆ ಹೊತ್ತು ಹೊತ್ತು ಸೈನಿಕರ ತಲೆ ಬೋಳಾಯಿತು, ಹೆಗಲ ಚರ್ಮ ಸುಲಿಯಿತು, ಅಷ್ಟು ದುಡಿದರೂ ತೂರಿನಿಂದ ಅರಸನಿಗೆ ಏನೂ ದಕ್ಕಲಿಲ್ಲ; ಅದರ ಬದಲಿಗೆ ಅವನಿಗೆ ಐಗುಪ್ತ ದೇಶ ಸಿಗಲಿದೆ.

ದಕ್ಕಲಿಲ್ಲ. ಅಷ್ಟು ದೊಡ್ಡ ಪ್ರವಾದಿ ತನ್ನ ಬಾಯಿಂದಲೇ ಅದನ್ನು ಹೇಳಿದ್ದ, ಅದಕ್ಕೂ ತಾರೀಖು ಹಾಕಿದ್ದ. ಹಳೆಯ ಮಾತನ್ನು ಅಳಿಸಿರಲಿಲ್ಲ. ಎರಡೂ ಅಲ್ಲಿದ್ದವು.

ಟೈಂಕೀಪರ್ ಮತ್ತೆ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ತಾರೀಖಿನ ಮೇಲೆ ಬೆರಳಿಟ್ಟ. ಕೊನೆಗೆ ಬೆರಳು ತನ್ನ ಕೆಂಪು ಗುರುತಿಗೆ ಬಂದು ನಿಂತಿತು.

ಆ ಬುಧವಾರ ಹಾಲು ಕಿಕ್ಕಿರಿದಿತ್ತು. ತಂಗಿ ಮೂರನೆಯ ಸಾಲಿನಲ್ಲಿದ್ದಳು, ಪಕ್ಕದಲ್ಲಿ ಮಗಳು. ನಿಲ್ದಾಣದಲ್ಲಿ ಅವನಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಕೊನೆಯ ಬಸ್ಸು ಬರುವುದಿಲ್ಲ ಎಂದು ಕೂಗುವುದು. ಮಕ್ಕಳನ್ನೂ ಗಂಟುಮೂಟೆಯನ್ನೂ ಹೊತ್ತವರು ಗಾಜಿಗೆ ಬಂದು ಗುದ್ದುತ್ತಿದ್ದರು. ಈಗ ಮುಂದೆ ಗಾಜೂ ಇರಲಿಲ್ಲ.

"ಈ ಕೆಂಪು ಗುರುತು ಪ್ರವಾದಿಯದಲ್ಲ, ನನ್ನದು" ಎಂದ. "ಇಲ್ಲಿರೋ ತಾರೀಖೆಲ್ಲ ನೋಡಿ. ಒಂದೊಂದೂ ಮಾತು ಅವನಿಗೆ ಕೇಳಿಸಿದ ದಿನ. ಅದು ನಡೆಯೋ ದಿನ ಅಂತ ಒಂದು ತಾರೀಖನ್ನೂ ಅವನು ಬರೆದಿಲ್ಲ. ಬಸ್ಸು ಹೊರಟ ಹೊತ್ತು ಬರೆದಿದಾನೆ, ಮುಟ್ಟೋ ಹೊತ್ತು ಬರೆದಿಲ್ಲ. ಅದನ್ನ ಬರೆದವನು ನಾನು. ತೂರಿನ ಮಾತು ತಾನು ಹೇಳಿದ ಹಾಗೆ ಆಗಲಿಲ್ಲ ಅಂತ ಅವನೇ ಒಪ್ಕೊಂಡಿದಾನೆ. ನಾನು ಯಾವ ಊರ ದೊಣ್ಣೆನಾಯಕ? ಅಕ್ಟೋಬರಲ್ಲಿ ಏನಾಗುತ್ತೋ ನನಗೆ ಗೊತ್ತಿಲ್ಲ. ಸೂರು ಸೋರ್ತಿದ್ರೆ ಸರಿ ಮಾಡಿಸ್ಕೊಳ್ಳಿ. ಔಷಧಿ ಬಿಟ್ಟಿದ್ರೆ ತಗೊಳ್ಳಿ."

ಟೈರ್ ಅಂಗಡಿಯವನು ಎದ್ದ.

"ಇನ್ನೇನು ಅಕ್ಟೋಬರ್ ಬಂತು ಅಂತ ಬಾಡಿಗೆ ಗೋದಾಮನ್ನೇ ಬಿಟ್ಕೊಟ್ಟೆನಲ್ಲ ಸಾರ್! ಈಗ ಬಂದು ಗೊತ್ತಿಲ್ಲ ಅಂದ್ರೆ? ತಮಾಷೆನಾ ಇದು?"

ಅದರ ಹಿಂದೆ ಒಂದಕ್ಕೊಂದು ದನಿ ಸೇರಿತು. ನಂಬಿಕೆಗೆಟ್ಟವನು ಎಂದರು, ಕೊಬ್ಬು ಎಂದರು, ಯಾರಿಗೋ ಹೆದರಿಕೊಂಡಿದ್ದಾನೆ ಎಂದರು. ಅದನ್ನೆಲ್ಲ ಅವನು ತಾಳಿಕೊಂಡ. ಮಗ ಸತ್ತ ತಾಯಿ ಮಾತ್ರ ಬೈಯಲಿಲ್ಲ. ಎದ್ದು ಮುಂದೆ ಬಂದು ಅವನ ತೋಳು ಹಿಡಿದಳು.

"ಹಾಗಾದ್ರೆ ನನ್ನ ಮಗನ್ನ ನೋಡೋದು ಯಾವಾಗ? ಅಕ್ಟೋಬರ್ ಅಲ್ಲದಿದ್ರೆ ಇನ್ನೊಂದು ಹೇಳಿ. ದೂರದ್ದಾದ್ರೂ ಪರವಾಗಿಲ್ಲ, ಹೇಳಿ."

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ತೋಳು ಬಿಡಲಿಲ್ಲ. ಪಾಸ್ಟರ್ ಬಂದು ಬಿಡಿಸಬೇಕಾಯಿತು. ಅಷ್ಟರಲ್ಲಿ ಮೂರನೆಯ ಸಾಲು ಖಾಲಿಯಾಗಿತ್ತು.

ನಾಲ್ಕು ದಿನ ಕೆಳಗೆ ಮಿಷನ್ನು ಸದ್ದು ಮಾಡಲಿಲ್ಲ. ಇವನೂ ಇಳಿದು ಹೋಗುವ ಧೈರ್ಯ ಮಾಡಲಿಲ್ಲ. ಐದನೆಯ ಬೆಳಿಗ್ಗೆ ತಂಗಿ ತಲೆ ಬಾಚಿಕೊಂಡು, ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಡಿ, ಆಸ್ಪತ್ರೆಗೆ."

"ನನ್ನ ಮಾತು ನಂಬಿದ್ಯಾ?"

"ಇನ್ನೂ ಇಲ್ಲ. ಆದ್ರೆ ಅಪ್ಪ ಒಂದು ಮಾತು ಅಂದ್ರೆ ಎರಡು ದಿನ ಊಟ ಬಿಡ್ತಿದ್ದವನು ನೀನು. ಅಷ್ಟು ಜನ ಉಗೀತಿದ್ರೂ ಕಂಬದ ಹಾಗೆ ನಿಂತಿದ್ಯಲ್ಲ, ಅದನ್ನ ನೋಡೋಕಾಗ್ಲಿಲ್ಲ ನನಗೆ. ಸುಮ್ನೆ ನಡಿ ಈಗ."

ಡಾಕ್ಟರು ಹೆಂಗಸು, ವಯಸ್ಸು ಚಿಕ್ಕದು, ಮಾತು ನೇರ. ಗಂಟು ಕಂಕುಳಿಗೂ ಹಬ್ಬಿದೆ ಎಂದರು. ಮಾರ್ಚಿನಲ್ಲಾಗಿದ್ದರೆ ಸಣ್ಣದರಲ್ಲಿ ಮುಗಿಯುತ್ತಿತ್ತು. ಈಗ ದೊಡ್ಡ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಔಷಧಿ, ಅಷ್ಟಾಗಿಯೂ ಕಾದು ನೋಡಬೇಕು.

"ಇಷ್ಟು ದಿನ ಯಾಕೆ ಸುಮ್ನಿದ್ರಿ?"

ಟೈಂಕೀಪರ್ ಬಾಯಿ ತೆರೆದ. ಅದಕ್ಕೂ ಮುಂಚೆ ತಂಗಿ, "ಹೊಲಿಗೆ ಕೆಲಸ ಜಾಸ್ತಿ ಇತ್ತು ಡಾಕ್ಟ್ರೆ" ಎಂದಳು. ಡಾಕ್ಟರು ಚೀಟಿ ಬರೆಯತೊಡಗಿದರು. ಬಾಗಿಲ ಬಳಿ ನಿಂತಿದ್ದ ಮಗಳು ಮಾವನ ಮುಖ ನೋಡಲಿಲ್ಲ. ಆಮೇಲೆಯೂ ಬಹಳ ದಿನ ನೋಡಲಿಲ್ಲ. ಮಾವ ಎಂದು ಕರೆಯುತ್ತಿದ್ದಳು, ಬೇಕಾದ್ದು ಹೇಳುತ್ತಿದ್ದಳು, ಕಣ್ಣು ಮಾತ್ರ ಬೇರೆ ಕಡೆ.

ಆಪರೇಷನ್ ಆಯಿತು. ತಂಗಿಯ ಬಲಗೈ ಊದಿಕೊಂಡು ಮೇಲೇಳದಾಯಿತು. ಒಪ್ಪಿಕೊಂಡಿದ್ದ ಪರದೆಗಳು ಬಾಕಿಯಿದ್ದವು. ಅವಳು ಮಂಚದ ಮೇಲೆ ಒರಗಿ ಹೇಳುತ್ತಿದ್ದಳು, ಇವನು ಮಿಷನ್ನಿನ ಮುಂದೆ ಕೂತು ತುಳಿಯುತ್ತಿದ್ದ. ಹೊಲಿಗೆ ಹಾವು ಹರಿದಂತೆ ಹೋಗುತ್ತಿತ್ತು. "ಬಿಚ್ಚು, ಮತ್ತೆ ಹಾಕು" ಎನ್ನುತ್ತಿದ್ದಳು. ಬುಧವಾರದ ಪಾಠ ನಿಂತಿತ್ತು. ಸಭೆಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಟೈರ್ ಅಂಗಡಿಯವನು ಇವನನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದ.

ಅಕ್ಟೋಬರಿನ ಆ ದಿನ ಬಂತು. ಹಿಂದಿನ ದಿನವಷ್ಟೇ ಔಷಧಿ ಏರಿಸಿಕೊಂಡು ಬಂದಿದ್ದ ತಂಗಿಗೆ ಬೆಳಗಿನಿಂದ ವಾಂತಿ. ಇವನು ಬೋಗುಣಿ ಹಿಡಿಯುವುದು, ತೊಳೆಯುವುದು, ಬಾಯಿಗೆ ನೀರು ಕೊಡುವುದು ಮಾಡುತ್ತಿದ್ದ. ಬೀದಿಯಲ್ಲಿ ಹಾಲಿನವನ ಗಾಡಿ ಹೋಯಿತು, ಶಾಲೆಯ ಮಕ್ಕಳು ಕೂಗಾಡಿಕೊಂಡು ಹೋದರು, ಬಂದರು. ಸಂಜೆಗೆ ವಾಂತಿ ತುಸು ನಿಂತಿತು. ಕಿಟಕಿಯಲ್ಲಿ ಬೆಳಕು ಕಂದುತ್ತಿದ್ದರೂ ಅವನು ದೀಪ ಹಾಕಲು ಏಳಲಿಲ್ಲ.

"ಏನು ಕೇಳಿಸ್ಕೋತಿದ್ದೀಯ?" ಎಂದಳು ತಂಗಿ.

"ಏನಿಲ್ಲ."

"ನೀನೂ ಕಾಯ್ತಿದ್ದೀಯ ಅಲ್ವಾ?"

"ಹೂಂ" ಎಂದ ಅವನು. "ಬರಲ್ಲ ಅಂತ ಗೊತ್ತಿದ್ರೂ."

"ನಾನೂನೂ" ಎಂದು ಅವಳು ಕಣ್ಣು ಮುಚ್ಚಿದಳು.

ಬಾಗಿಲು ತಳ್ಳಿಕೊಂಡು ಮಗಳು ಕೆಲಸದಿಂದ ಬಂದಳು. "ಯಾಕೆ ಹೀಗೆ ಕತ್ತಲಲ್ಲಿ ಕೂತಿದ್ದೀರ ಇಬ್ಬರೂ?" ಎಂದು ದೀಪ ಹಾಕಿದಳು. ಇಬ್ಬರ ಮುಖವನ್ನೂ ನೋಡಿದಳು, ಮೊದಲು ಅಮ್ಮನದು, ಆಮೇಲೆ ಮಾವನದು. ಚೀಲ ಇಟ್ಟು, ಅವನ ಕೈಯಿಂದ ಬೋಗುಣಿ ತೆಗೆದುಕೊಂಡು, "ನೀವು ಎದ್ದು ಏನಾದ್ರೂ ತಿನ್ನಿ ಮಾವ, ನಾನು ಕೂತ್ಕೋತೀನಿ" ಎಂದಳು.