ಪಟ್ಟಿಯಿಂದ ತೆಗೆದ ಹೆಸರು

ನಮ್ಮೂರ ಪೌರರ ಪಟ್ಟಿಯಲ್ಲಿ ದಾಸಿಗೆ ಹುಟ್ಟಿದವನೊಬ್ಬ ಸೇರಿಕೊಂಡಿದ್ದಾನೆ ಎಂದು ಮೊದಲು ಬಾಯಿ ತೆರೆದವನು ನಾನೇ. ಆ ವರ್ಷ ನಾನು ಊರಿನ ಮುಖಂಡ. ಅದೊಂದು ಹಳೆಯ ಗಾಳಿಮಾತು: ನಲವತ್ತು ವರ್ಷದ ಹಿಂದೆ ಯಾವಳೋ ತಾಯಿ, ಹೆತ್ತ ಕೂಸು ಸತ್ತಾಗ, ದಾಸಿಯ ಕೂಸನ್ನು ತಂದು ತನ್ನದೆಂದು ಗಂಡನ ಕೈಗಿಟ್ಟಳಂತೆ. ಪಟ್ಟಿ ಶುದ್ಧ ಮಾಡಿ ಎಂದು ಅಥೆನ್ಸಿನಿಂದ ಆಜ್ಞೆ ಬಂದದ್ದೇ ತಡ, ಅವನನ್ನು ಹಿಡಿದೇ ತೀರುತ್ತೇನೆಂದು ಹೆರಾಕ್ಲೀಸನ ಗುಡಿಯಲ್ಲಿ ಆಣೆಯಿಟ್ಟೆ.

ನನ್ನ ಕಣ್ಣು ಬಿದ್ದದ್ದು ಪಕ್ಕದ ದ್ರಾಕ್ಷಿತೋಟದ ಆಂಟಿಡೋರನ ಮೇಲೆ. ಅವನದು ನನ್ನ ವಯಸ್ಸು. ಥ್ರೇಸ್ ನಾಡಿನಿಂದ ಕೊಂಡು ತರುವ ಆಳುಗಳಂತೆ ಕೆಂಪು ಕೂದಲು. ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ.

"ಏನೋ ಕೆಂಚ, ನಿಮ್ಮವ್ವ ನಿನ್ನ ಯಾವ ಸಂತೇಲಿ ತಂದ್ಳೋ? ಚೌಕಾಸಿ ಮಾಡಿದ್ಳೋ, ಹೇಳಿದಷ್ಟೇ ಕೊಟ್ಳೋ?" ಎಂದು ತುಂಬಿದ ಸಭೆಯಲ್ಲಿ ಕೇಳಿದೆ. ಜನ ಹೊಟ್ಟೆ ಹಿಡಿದು ನಕ್ಕರು. ಸಂಜೆಯೊಳಗೆ ಆ ಮಾತು ಅವನ ಮುದಿ ತಾಯಿಯ ಕಿವಿಗೂ ಮುಟ್ಟಿತು.

ಸಭೆ ಮುಗಿದ ಮೇಲೆ ಆಂಟಿಡೋರ ನನ್ನ ಹಿಂದೆಯೇ ಬಂದ. "ಫೈನಿಪ್ಪ, ಇದನ್ನ ಇಲ್ಲಿಗೇ ಬಿಟ್ಬಿಡಪ್ಪ. ಕಾಲಿಗೆ ಬೀಳ್ತೀನಿ."

"ಯಾಕೆ, ಹೆದರಿಕೆನಾ?"

"ಹೂಂ, ಹೆದರಿಕೇನೇ," ಎಂದ.

ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಮರುದಿನ ಬೆಳಿಗ್ಗೆಯೇ ಕತ್ತೆ ಹತ್ತಿ ಗುಡ್ಡದಾಚೆಯ ಸೂಲಗಿತ್ತಿ ಮಿರ್ಟಾಲೆಯ ಮನೆಗೆ ಹೋದೆ. ಮುದುಕಿ ಅಂಗಳದಲ್ಲಿ ಅವರೆ ಬಿಡಿಸುತ್ತ ಕೂತಿದ್ದಳು.

"ಅಜ್ಜಿ, ಆ ದಾಸಿಯ ಕೂಸನ್ನ ತಂದವಳು ನೀನಂತೆ. ಯಾವ ಮನೆಗೆ ಕೊಟ್ಟೆ?"

"ಸುಮ್ನೆ ಮನೆಗೆ ಹೋಗು ಮಗಾ."

"ಹೇಳದಿದ್ರೆ ಸಭೆಗೆ ಎಳೆಸ್ತೀನಿ. ಎಲ್ಲರ ಮುಂದೆ ಆಣೆ ಮಾಡಿ ಹೇಳ್ಬೇಕಾಗುತ್ತೆ."

ಅವಳು ಅವರೆಯ ಬುಟ್ಟಿ ಕೆಳಗಿಟ್ಟಳು. "ನಿಮ್ಮನೆಗೇ ಕಣಪ್ಪಾ. ನಿಮ್ಮವ್ವನ ಕೂಸು ಹುಟ್ಟಿದ್ದಿನವೇ ಹೋಯ್ತು. ನಿನ್ನ ಬುಟ್ಟೀಲಿಟ್ಟು ಮೇಲೆ ಉಣ್ಣೆ ಮುಚ್ಚಿ ತಂದವಳು ನಾನು. ಅವಳಿಗೆ ಹಾಲಿರ್ಲಿಲ್ಲ. ಎರಡು ವರ್ಷ ಗುಟ್ಟಾಗಿ ಹಾಲು ಕೊಟ್ಟವಳು ಆಂಟಿಡೋರನ ತಾಯಿ. ನಾವ್ಯಾರೂ ಬಾಯಿ ಬಿಟ್ಟಿರ್ಲಿಲ್ಲ. ಬಿಡಿಸ್ದೋನು ನೀನೇ. ನಿನ್ನ ಹಣೇಬರ."

ಹಿಂದಿರುಗುವಾಗ ಕತ್ತೆ ಹತ್ತಲಾಗಲಿಲ್ಲ; ಹಗ್ಗ ಹಿಡಿದು ನಡೆದೆ. ಪ್ರತಿ ವಸಂತದಲ್ಲಿ ನಾಟಕ ನೋಡಲು ಹೋಗುತ್ತಿದ್ದೆ. ಪಾಪಿಯನ್ನು ಹುಡುಕಹೊರಟ ರಾಜ ತನ್ನ ಬಾಗಿಲಿಗೇ ಬಂದು ನಿಲ್ಲುವಾಗ, "ಇಷ್ಟೂ ತಿಳಿಯೋದಿಲ್ವೇನೋ ದಡ್ಡ!" ಎಂದು ಕೂಗಿ ಅಕ್ಕಪಕ್ಕದವರನ್ನು ನಗಿಸುತ್ತಿದ್ದವನು ನಾನು. ಆ ಕೂಗು ದಾರಿಯುದ್ದಕ್ಕೂ ಕಿವಿಯಲ್ಲಿತ್ತು.

ನಾಲ್ಕು ದಿನ ಬಾಯಿ ಬಿಡಲಿಲ್ಲ. ಸೂಲಗಿತ್ತಿ ಸಿಗಲಿಲ್ಲ ಎಂದು ಊರಿಗೆಲ್ಲ ಸುಳ್ಳು ಹೇಳಿದೆ. ಅದನ್ನು ಈಗಲೂ ನೆನೆಯಲಾರೆ. ತೀರ್ಪಿನ ದಿನ ಆಂಟಿಡೋರನ ವಿರುದ್ಧ ಜನ ಮತದ ಹರಳು ಹಾಕಲು ಸಾಲುಗಟ್ಟಿದರು. ಸಾಲಿನಲ್ಲಿ ನಾನೂ ಹರಳು ಹಿಡಿದು ನಿಂತಿದ್ದೆ. ಆಂಟಿಡೋರ ನನ್ನ ಮುಖ ನೋಡಿದ. ತಾಯಿಯಿಂದ ಎಲ್ಲ ಮೊದಲೇ ತಿಳಿದಿದ್ದ ಅವನಿಗೆ, ಈಗ ನನಗೂ ತಿಳಿದುಹೋಗಿದೆ ಎಂದು ಗೊತ್ತಾಯಿತು. ಮೆಲ್ಲಗೆ ತಲೆಯಾಡಿಸಿದ, ಬೇಡ, ಹೇಳಬೇಡ ಎನ್ನುವಂತೆ. ತಾನು ಪಟ್ಟಿಯಿಂದ ಹೋಗಲೂ ಅವನು ಸಿದ್ಧನಿದ್ದ.

ಹರಳು ಕೈಯಿಂದ ಬಿತ್ತು. "ಅವನಲ್ಲ. ನಾನು," ಎಂದೆ. ಮೊದಲಿಗೆ ತಮಾಷೆಯೆಂದು ನಕ್ಕರು.

ಸೂಲಗಿತ್ತಿ ಹೇಳಿದ್ದನ್ನೆಲ್ಲ ಒಪ್ಪಿಸಿದ ಮೇಲೆ ನನ್ನ ಹೆಸರನ್ನು ಅಲ್ಲೇ ಅಳಿಸಿದರು. ಹೊಲ ಚಿಕ್ಕಪ್ಪನ ಮಕ್ಕಳಿಗೆ ಹೋಯಿತು. ಬಂದರಿಗಿಳಿದು ಹಗ್ಗ ಹೊಸೆಯುವವರ ಜೊತೆ ಕೆಲಸಕ್ಕೆ ಸೇರಿದೆ. ಪಟ್ಟಿಯಲ್ಲಿ ಹೆಸರಿಲ್ಲದ ನಾನೀಗ ಪರಸ್ಥಳದವನು; ಅಂಥವನು ಅಲ್ಲಿ ನೆಲೆಸಬೇಕಾದರೆ ಪೌರನೊಬ್ಬ ಹೊಣೆ ನಿಲ್ಲಬೇಕು. ನನ್ನ ಔತಣ ಉಂಡ ಹತ್ತಾರು ಜನರಿಗೆ ಹೇಳಿ ಕಳಿಸಿದೆ, ಒಬ್ಬನೂ ಬರಲಿಲ್ಲ.

ಹೊಣೆಗಾರನನ್ನು ತೋರಿಸಬೇಕಾದ ಕಡೆಯ ದಿನ ಬಂದರಿನ ಗುಮಾಸ್ತ, "ನಿನಗ್ಯಾರಯ್ಯ ಹೊಣೆ?" ಎಂದು ಗದರಿದಾಗ ಹಿಂದಿನಿಂದ ದನಿ ಬಂತು.

"ನಾನು, ಆಂಟಿಡೋರ. ಬರಕೊಳ್ಳಿ."

ಇಬ್ಬರೂ ಹೊರಗೆ ಬಂದೆವು.

"ಅವ್ವ ಕಳಿಸಿದ್ಳು," ಎಂದ ಅವನು. "ನಡಿ, ಹೊಟ್ಟೆಗೇನಾದ್ರೂ ಹಾಕ್ಕೊಳ್ಳೋಣ."

ಅವನು ಮುಂದೆ ನಡೆದ. ಅವನ ಸರಿಸಮ ನಡೆಯಲು ನನಗೆ ಧೈರ್ಯ ಬರಲಿಲ್ಲ. ನಾಲ್ಕು ಹೆಜ್ಜೆ ಹಿಂದೆಯೇ ಉಳಿದೆ.