ಆಕಾಶಕ್ಕೊಂದು ಅರ್ಜಿ

ಹೊಳೆನರಸೀಪುರದಲ್ಲಿ ಅನಂತಮತಿಯ ನಾಲಿಗೆಗೆ ಹೆದರದವರು ಕಡಿಮೆ. ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಅವಳು ವಿಜ್ಞಾನದ ಮೇಡಮ್ಮು. ದಡ್ಡರನ್ನು ಹೇಗೋ ಸಹಿಸಿಕೊಳ್ಳುತ್ತಿದ್ದಳು; ದಡ್ಡತನಕ್ಕೆ ಮೊಹರು ಒತ್ತಿ ರುಜು ಹಾಕಿ ಕೊಡುವವರನ್ನು ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ.

ಅವಳ ತಂದೆ ಶಾಂತಿರಾಜಯ್ಯ ಹಾಸನದ ತಂತಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿದ್ದವರು. ಹತ್ತರ ವಯಸ್ಸಿನಲ್ಲಿ ಮಗಳಿಗೆ ದಡಾರ ಬಂದು ತಿಂಗಳು ಮಲಗಿದಾಗ, ಹೊತ್ತು ಹೋಗಲೆಂದು ಹಿತ್ತಾಳೆ ತಟ್ಟೆಯ ಮೇಲೆ ಚಮಚ ಬಡಿದು, ತಂತಿಯವರ ಗಿಡ್ಡ-ಉದ್ದ ಟಕಟಕದ ಮೋರ್ಸ್ ಕಲಿಸಿದರು. ಎದ್ದು ಓಡಾಡುವ ಹೊತ್ತಿಗೆ ಹುಡುಗಿ ತಂತಿ ಕಚೇರಿಯ ಕಿಟಕಿಯ ಹೊರಗೆ ನಿಂತೇ ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಹೆರಿಗೆ ಎಂದು ಹೇಳಿಬಿಡುತ್ತಿದ್ದಳು. "ತಂತಿ ಕದ್ದು ಕೇಳೋದು ಕಾಗದ ಒಡೆದು ಓದಿದಂಗೆ" ಎಂದು ತಂದೆ ಬೆನ್ನಿಗೊಂದು ಗುದ್ದಿದರು. ಗುದ್ದಿದ ಮೇಲೆ ಹಿಂದಿನ ದಿನಕ್ಕಿಂತ ವೇಗವಾಗಿ ಚಮಚ ಬಡಿದರು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಮನೆಯಲ್ಲೇ ಸೆಟ್ಟು ಕಟ್ಟಿಕೊಂಡು ಆಕಾಶದ ಮೂಲಕ ದೂರದವರೊಂದಿಗೆ ಮಾತಾಡುವ ಹವ್ಯಾಸಿಗಳಿದ್ದಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿ ಅವಳು ಬೆಂಗಳೂರಿಗೆ ಹೋದಳು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತೂಕಕ್ಕೆ ಮಾರಿದ್ದ ಸಾಮಾನಿನ ರಾಶಿಯಿಂದ ವಾಲ್ವು, ಟ್ರಾನ್ಸ್‌ಫಾರ್ಮರು, ಮೋರ್ಸ್ ಒತ್ತುವ ಒಂದು ಕೀ ಆರಿಸಿ ತಂದಳು. ಕಟ್ಟುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಪ್ಪಣೆ ಪಡೆಯುವುದಕ್ಕೆ ನಾಲ್ಕು ವರ್ಷ.

"ರೇಡಿಯೋ ಲೈಸೆನ್ಸು ಇಲ್ಲೇ ಕೊಡ್ತೀವಲ್ಲಮ್ಮ, ದಿಲ್ಲಿಗ್ಯಾಕೆ ಬರೀತೀರಿ?" ಎಂದರು ಪೋಸ್ಟ್ ಮಾಸ್ತರರು.

"ಅದು ಕೇಳೋದಕ್ಕೆ. ನಂಗೆ ಬೇಕಾಗಿರೋದು ಮಾತಾಡೋದಕ್ಕೆ."

"ನಿಮಗೆ ಮಾತಾಡೋಕೂ ಲೈಸೆನ್ಸು ಬೇಕಾ?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

ಪೊಲೀಸ್ ವಿಚಾರಣೆಗೆ ಬಂದ ದಫೇದಾರ ಕೆಂಪಣ್ಣ ಅವಳನ್ನು ನೋಡಲೇ ಇಲ್ಲ. ನೇರವಾಗಿ ಅವಳ ಗಂಡ ಜಿನಚಂದ್ರನ ಪಾತ್ರೆ ಅಂಗಡಿಗೆ ಹೋಗಿ, ಒಂದು ಲೋಟ ಕಾಫಿ ಕುಡಿದು, 'ಅರ್ಜಿದಾರರ ಯಜಮಾನರು ಸಭ್ಯಸ್ಥರು, ಯಾವ ಪಕ್ಷಕ್ಕೂ ಸೇರಿದವರಲ್ಲ' ಎಂದು ಬರೆದುಕೊಂಡು ಹೋದ. ಜಿನಚಂದ್ರ ಸಂಜೆ ಹೆಮ್ಮೆಯಿಂದ ವರದಿ ಒಪ್ಪಿಸಿದ.

"ಸೆಟ್ಟು ಕಟ್ಟಿದೋಳು ನಾನು, ನಡತೆ ಚೆನ್ನಾಗಿರೋದು ನಿಮ್ಮದು" ಎಂದಳು ಅನಂತಮತಿ. "ಇಬ್ಬರೂ ಸೇರಿದ್ರೆ ಒಬ್ಬ ಅರ್ಜಿದಾರ ಆಗ್ತೀವೇನೋ."

ಹೆಂಗಸರು ಅರ್ಜಿ ಹಾಕಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಹಾಕುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಅರವತ್ತೊಂದರಲ್ಲಿ ಪರೀಕ್ಷೆಯ ಕರೆ 'ಶ್ರೀಮಾನ್ ಅನಂತಮತಿ'ಯ ಹೆಸರಿಗೆ ಬಂತು. ಬೆಂಗಳೂರಿನ ಪರೀಕ್ಷಕರು ಅವಳನ್ನು ನೋಡಿ, "ಅವರು ಬರಲಿಲ್ವಾ? ನೀವು ಅವರ ಮನೆಯವರಾ?" ಎಂದರು.

"ಅವರೂ ನಾನೇ, ಮನೆಯವರೂ ನಾನೇ. ಶುರು ಮಾಡಿ" ಎಂದಳು.

ನಿಮಿಷಕ್ಕೆ ಐದು ಪದದ ವೇಗದಲ್ಲಿ ಪರೀಕ್ಷಕರು ಕೀ ಒತ್ತಿದರು. ಒಂದಕ್ಷರ ಮುಗಿದು ಇನ್ನೊಂದು ಬರುವಷ್ಟರಲ್ಲಿ ಅವಳಿಗೆ ಆಕಳಿಕೆ ಬಂತು. ಬರೆದು ಕೊಟ್ಟು, "ಸ್ವಾಮಿ, ನೀವು ಉದ್ದದ್ದನ್ನ ಮೊಟಕು ಮಾಡ್ತೀರಿ. ನಮ್ಮಪ್ಪ ಇದ್ದಿದ್ರೆ ಬೆರಳಿನ ಮೇಲೆ ಹೊಡೀತಿದ್ರು" ಎಂದಳು. ಪಕ್ಕದ ಬೆಂಚಿನಲ್ಲಿದ್ದ ದೇವರಾಜು ಎಂಬ ರಾಮನಾಥಪುರದ ಯುವಕ ಮೊದಲ ಸಾಲಿಗೇ ಪೆನ್ಸಿಲ್ ಕೆಳಗಿಟ್ಟಿದ್ದ. ತಂದೆ ಹೊಗೆಸೊಪ್ಪಿನ ದೊಡ್ಡ ವ್ಯಾಪಾರಿ. ಪರೀಕ್ಷೆಗೂ ಮುಂಚೆಯೇ ಮನೆಯಲ್ಲಿ ವಿಲಾಯಿತಿ ಸೆಟ್ಟು ಬಂದು ಕೂತಿತ್ತು.

ಅರವತ್ತೆರಡರ ಸೆಪ್ಟೆಂಬರಿನಲ್ಲಿ ಅವಳಿಗೆ ಲೈಸೆನ್ಸು ಬಂತು. ಐದು ವಾರ ಅನಂತಮತಿಯ ಕೀ ಸುಮ್ಮನಿರಲಿಲ್ಲ. ಕೊಲಂಬೊದ ಒಬ್ಬ ಗಡಿಯಾರ ರಿಪೇರಿಯವನು, ಕೊಯಮತ್ತೂರಿನ ಒಬ್ಬ ಡಾಕ್ಟರು ಅವಳ ಟಕಟಕಕ್ಕೆ ಉತ್ತರ ಕೊಟ್ಟರು. ಅಷ್ಟರಲ್ಲಿ ಚೀನಾದ ಯುದ್ಧ. ಹವ್ಯಾಸಿಗಳ ಸೆಟ್ಟುಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕೆಂದು ಆಜ್ಞೆ ಹೊರಟಿತು.

ಮತ್ತೆ ಕೆಂಪಣ್ಣನೇ ಬಂದ. ಮೇಜಿನ ಮೇಲೆ ಎರಡು ಪೆಟ್ಟಿಗೆ ಇದ್ದವು. ವಾರ್ತೆ ಕೇಳುವ ಮರದ ರೇಡಿಯೋ ಒಂದು, ತಗಡಿನ ಟ್ರಾನ್ಸ್‌ಮಿಟರು ಒಂದು. ಕೆಂಪಣ್ಣ ಎರಡನ್ನೂ ದಿಟ್ಟಿಸಿ ನೋಡಿ, ಚೆನ್ನಾಗಿ ಹೊಳೆಯುತ್ತಿದ್ದ ಮರದ ರೇಡಿಯೋ ಕಡೆ ಕೈ ಚಾಚಿದ. ಜಿನಚಂದ್ರ ಹೆಂಡತಿಯ ಕಿವಿಯಲ್ಲಿ, "ಸುಮ್ನಿರೇ, ಅದನ್ನೇ ತಗೊಂಡು ಹೋಗ್ಲಿ" ಎಂದು ಪಿಸುಗುಟ್ಟಿದ.

"ಅದಲ್ಲ, ದಫೇದಾರ್ರೆ, ಈ ತಗಡಿನ ಪೆಟ್ಟಿಗೆ" ಎಂದಳು ಅನಂತಮತಿ. ಕದ್ದಿಡುವುದಕ್ಕೆ ಅವಳಿಗೆ ಹೆದರಿಕೆಯೇನಿರಲಿಲ್ಲ. ಆದರೆ ಇಂಥವರಿಗೆ ಮೋಸ ಮಾಡುವುದು ನಿದ್ದೆ ಹೋದವನ ಜೊತೆ ಚದುರಂಗ ಆಡಿ ಗೆದ್ದಂತೆ, ಅದರಲ್ಲಿ ಮರ್ಯಾದೆಯೇನಿದೆ? ಒಂದೊಂದು ವಾಲ್ವನ್ನೂ ತೋರಿಸಿ ಪಟ್ಟಿ ಬರೆಸಿದಳು. ಮುಗಿಯುವ ಹೊತ್ತಿಗೆ ಕೆಂಪಣ್ಣನಿಗೆ ಬೆವರು ಕಿತ್ತುಕೊಂಡಿತ್ತು.

"ಇದ್ರಾಗೆ ಚೀನಾದೋರು ಮಾತಾಡ್ತಾರಾ, ಅಮ್ಮಾವ್ರೆ?"

"ಮಾತಾಡಿದ್ರೂ ನಿಮಗೆ ಅರ್ಥ ಆಗಲ್ಲ, ಬಿಡಿ."

ಎರಡು ವರ್ಷದ ಮೇಲೆ ನಿಷೇಧ ತೆಗೆದರು. ಅರವತ್ತೈದರ ಫೆಬ್ರವರಿಯಲ್ಲಿ ಹಾಸನದ ಕಚೇರಿಯೊಂದರ ಉಗ್ರಾಣಕ್ಕೆ ಬರಹೇಳಿ ಅವಳಿಗೆ ಕಾಗದ ಬಂತು. ಹೋಗಿ ನೋಡಿದರೆ ತಗಡಿನ ಪೆಟ್ಟಿಗೆಯ ಮೇಲೆ ಕುಡಿಯುವ ನೀರಿನ ಹೂಜಿ ಕೂತಿತ್ತು. ಒಳಗೆ ನೀರಿಳಿದು ಟ್ರಾನ್ಸ್‌ಫಾರ್ಮರು ಸುಟ್ಟ ಬದನೆಕಾಯಿಯಂತಾಗಿತ್ತು. ದೊಡ್ಡ ವಾಲ್ವು ಇರಲಿಲ್ಲ. ತಂತಿ ಸುತ್ತುವ ಪಿಂಗಾಣಿಯ ಕಾಯಿಲ್ ಕೊಳವೆ ಗೋಡೆಯ ವೆಂಕಟರಮಣನ ಪಟದ ಕೆಳಗೆ ಊದುಬತ್ತಿ ಸಿಕ್ಕಿಸಿಕೊಂಡು ನಿಂತಿತ್ತು.

"ಎಲ್ಲ ಸರಿಯಾಗಿ ತಲುಪಿದೆ ಅಂತ ಇಲ್ಲೊಂದು ರುಜು ಹಾಕಿ" ಎಂದ ಗುಮಾಸ್ತ.

ಅನಂತಮತಿ ಊದುಬತ್ತಿ ಕಿತ್ತು ಅವನ ಕೈಗೆ ಕೊಟ್ಟು, ಕೊಳವೆಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ರುಜು ಮಾಡುವ ಜಾಗದಲ್ಲಿ 'ಹೆಣ ತಲುಪಿದೆ' ಎಂದು ಬರೆದು ಹೆಸರು ಹಾಕಿದಳು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ದಾರಿಯಲ್ಲಿ ಒಂದು ಹನಿ ಕಣ್ಣೀರು ಬಂತು. ಅದನ್ನು ಕಂಡ ಪಕ್ಕದವಳ ಮುಖವನ್ನು ಅವಳು ಎಷ್ಟು ಬಿರುಸಾಗಿ ನೋಡಿದಳೆಂದರೆ ಆ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮುಂದಿನ ತಿಂಗಳು ದೇವರಾಜು ಕಾರು ಮಾಡಿಕೊಂಡು ಅವಳ ಮನೆಗೇ ಬಂದ. ಅಷ್ಟರಲ್ಲಿ ಮೋರ್ಸಿನಲ್ಲಿ ಮೂರು ಸಲ ನಪಾಸಾಗಿದ್ದ. ಮೋರ್ಸ್ ಪರೀಕ್ಷೆಯನ್ನೇ ತೆಗೆದುಹಾಕಬೇಕೆಂದು ದಿಲ್ಲಿಗೆ ಮನವಿ ಕಳಿಸಲು ಹಾಸನದಲ್ಲಿ ಸಭೆ ಕರೆದಿದ್ದ. ಸುತ್ತಮುತ್ತ ಲೈಸೆನ್ಸು ಇರುವವಳು ಅವಳೊಬ್ಬಳೇ. ಮೊದಲ ರುಜು ಅವಳದಾಗಬೇಕು.

"ಮೇಡಮ್, ನಿಮ್ಮ ಸೆಟ್ಟಿನ ಗತಿ ಕೇಳಿದೆ. ನನ್ನ ಹತ್ರ ವಾಲ್ವು ಎರಡಿವೆ. ಒಂದು ನಿಮಗೇ" ಎಂದ.

"ಸಭೆಗೆ ಬರ್ತೀನಿ. ವಾಲ್ವು ವಾಪಸ್ ತಗೊಂಡು ಹೋಗಿ" ಎಂದಳು.

ಹಾಸನದ ಒಂದು ಕಾಫಿ ಹೋಟೆಲಿನ ಮಹಡಿಯಲ್ಲಿ ಇಪ್ಪತ್ತು ಜನ ಸೇರಿದ್ದರು. ದೇವರಾಜು ಸೂಟು ಹಾಕಿಕೊಂಡು ಭಾಷಣ ಮಾಡಿದ. "ಮುಂದಿನ ಕಾಲ ಬಾಯಿ ಮಾತಿನದು. ಟಕ್ಕು ಟಕ್ಕು ಅನ್ನೋದು ಬ್ರಿಟಿಷರ ಕಾಲಕ್ಕೇ ಮುಗೀತು. ಈ ಹವ್ಯಾಸ ಉಳೀಬೇಕಾದ್ರೆ ಬಾಗಿಲು ದೊಡ್ಡದು ಮಾಡ್ಬೇಕು."

ಅನಂತಮತಿ ಎದ್ದಳು. "ದೇವರಾಜು ಅವರೇ, ಬಾಗಿಲು ಸಣ್ಣದಲ್ಲ. ನಿಮ್ಮ ಅಂಬಾರಿ ದೊಡ್ಡದು, ಇಳಿದು ನಡೆದು ಬನ್ನಿ. ಇಪ್ಪತ್ತಾರು ಅಕ್ಷರ ಕಲಿಯೋಕೆ ದಡಾರ ಬಂದು ಮಲಗಿದ್ದ ಹತ್ತು ವರ್ಷದ ಹುಡುಗಿಗೆ ಒಂದು ತಿಂಗಳು ಸಾಕಾಯ್ತು. ನಿಮಗೆ ನಾಲ್ಕು ವರ್ಷ ಸಾಲಲಿಲ್ಲ. ಕಲಿಯೋಕೆ ಬೇಜಾರಾದ್ರೆ ಹಾಗಂತ ಬರೀರಿ. ಅದಕ್ಕೆ ಮುಂದಿನ ಕಾಲ ಅಂತ ಹೆಸರಿಡಬೇಡಿ. ಪೊಲೀಸ್ ವಿಚಾರಣೆಗೆ ಮೂರು ವರ್ಷ ಯಾಕೆ ಬೇಕು ಅಂತ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮೋರ್ಸ್ ಬರದೇ ಇರೋರಿಗೆಲ್ಲ ನನ್ನ ರುಜು ಬೇಕು!"

ಆಮೇಲೆ ಹಿಂದಿನ ಬೆಂಚಿನಿಂದ ಖಾಕಿ ಅಂಗಿಯ ಒಬ್ಬ ಮನುಷ್ಯ ಎದ್ದು ನಿಂತ. ವಯಸ್ಸು ನಲವತ್ತರ ಮೇಲೆ. ಉಗುರಿನ ಸಂದಿಯಲ್ಲೆಲ್ಲ ವಾರ್ನಿಷ್ಷು.

"ನಾನು ಅರಕಲಗೂಡಿನ ಚಿಕ್ಕಯ್ಯ ಕಣಮ್ಮಾವ್ರೆ. ಮೋಟ್ರು ವೈಂಡಿಂಗ್ ಮಾಡ್ತೀನಿ. ನಂಗೆ ಟಕಟಕ ಬತ್ತದೆ. ಬರ್ಮಾ ಯುದ್ದದಾಗೆ ಸಿಗ್ನಲ್ ಪಟಾಲಮ್ಮಲ್ಲಿದ್ದೆ. ಆದ್ರೂ ಎರಡು ಕಿತ ಪೇಲಾದೆ."

"ಬರೋದಾದ್ರೆ ಫೇಲ್ ಯಾಕಾದ್ರಿ?" ಅನಂತಮತಿಯ ಬಾಯಿಯಲ್ಲಿ ಇನ್ನೂ ಖಾರವಿತ್ತು. ಕಾಫಿ ಲೋಟವನ್ನು ಮಗುಚಿ, ಚಮಚ ತೆಗೆದು, ತಂದೆಯ ವೇಗದಲ್ಲಿ ಬಡಿದಳು. ಚಿಕ್ಕಯ್ಯ ಗೋಡೆಗೆ ಅಂಟಿಸಿದ್ದ ಸಿನಿಮಾ ಜಾಹೀರಾತಿನ ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದರ ಹಿಂದೊಂದು ಬರೆದ. ಒಂದೂ ತಪ್ಪಿರಲಿಲ್ಲ.

"ಇದೇನು ಬರೆದಿದ್ದೀರಿ, ಓದಿ."

"ಅದೇ ನೋಡಿ ಎಡವಟ್ಟು. ಇಪ್ಪತ್ತಾರು ಅಕ್ಸರಾನೂ ಗೊತ್ತು. ಅವು ಕೂಡ್ಕಂಡ್ರೆ ಏನಾಯ್ತದೆ ಅಂತ ಗೊತ್ತಿಲ್ಲ. ಬರೆಯೋ ಪರೀಕ್ಸೆ ಪೂರಾ ಇಂಗ್ಲೀಸು. ಕಾಯಿಲು ಸುತ್ತು ಅಂದ್ರೆ ಕಣ್ಣು ಮುಚ್ಕಂಡು ಸುತ್ತೀನಿ. ಕಾಯಿಲು ಅಂದ್ರೇನು ಅಂತ ಇಂಗ್ಲೀಸಲ್ಲಿ ಬರಿ ಅಂದ್ರೆ ಎಲ್ಲಿಗ್ ಓಗ್ಲಿ?"

ಕಾನ್ವೆಂಟಿನಲ್ಲಿ ಓದಿದ ಅನಂತಮತಿಗೆ ಆ ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿತ್ತು ಎಂಬುದೂ ಗಮನಕ್ಕೆ ಬಂದಿರಲಿಲ್ಲ. ದಾಟಿದ ಹೊಸಿಲನ್ನು ತಾನೂ ತಿರುಗಿ ನೋಡಿರಲಿಲ್ಲ. ಒಂದು ಗಳಿಗೆಯ ಹಿಂದೆ ಇವನನ್ನೂ ಸೋಮಾರಿಗಳ ಸಾಲಿಗೆ ಸೇರಿಸಿ ಬೈದಿದ್ದಳು.

ದೇವರಾಜುವಿನ ಮನವಿಯನ್ನು ಎಳೆದುಕೊಂಡು, ಮೋರ್ಸಿನ ಸಾಲನ್ನು ಹೊಡೆದುಹಾಕಿ, ಬರೆಯುವ ಪರೀಕ್ಷೆ ಕನ್ನಡದಲ್ಲೂ ಇರಲಿ, ಪೊಲೀಸ್ ವಿಚಾರಣೆ ಮೂರು ತಿಂಗಳಲ್ಲಿ ಮುಗಿಯಲಿ ಎಂದು ಬರೆದು ಮೊದಲ ರುಜು ಹಾಕಿದಳು.

"ದಿಲ್ಲಿಯಲ್ಲಿ ಕನ್ನಡ ಯಾರಿಗೆ ಬರುತ್ತೆ, ಮೇಡಮ್?" ಎಂದು ದೇವರಾಜು ನಕ್ಕ.

"ಅರಕಲಗೂಡಲ್ಲಿ ಇಂಗ್ಲಿಷ್ ಯಾರಿಗೆ ಬರುತ್ತೆ ಅಂತ ದಿಲ್ಲಿ ಕೇಳಿತ್ತಾ?"

ಮಸಾಲೆ ದೋಸೆ ತಿಂದವರು ಇಪ್ಪತ್ತು ಜನ; ರುಜು ಹಾಕಿದವರು ಆರು. ದೇವರಾಜು ಹಾಕಲಿಲ್ಲ. ಎಂಟು ತಿಂಗಳ ಮೇಲೆ ಎರಡು ಸಾಲಿನ ಇಂಗ್ಲಿಷ್ ಉತ್ತರ ಬಂತು. ನಿಮ್ಮ ಮನವಿ ಕಡತದಲ್ಲಿ ಸೇರಿದೆ ಎಂದಿತ್ತು. ಯಾವ ಕಡತ ಎಂದು ಇರಲಿಲ್ಲ.

ಕಾಯುವವಳಲ್ಲ ಅನಂತಮತಿ. ಉತ್ತರ ಬರುವ ಮೊದಲೇ ಪ್ರತಿ ಭಾನುವಾರ ಬೆಳಗಿನ ಅರಕಲಗೂಡು ಬಸ್ಸಿಗೆ ಚಿಕ್ಕಯ್ಯ ಬಂದಿಳಿಯತೊಡಗಿದ್ದ. ಮೊದಲ ತಿಂಗಳಲ್ಲೇ ಅವಳ ಸತ್ತ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ತಾನೇ ಹೊಸ ತಂತಿ ಸುತ್ತಿ ಜೀವ ತುಂಬಿದ. ದೊಡ್ಡ ವಾಲ್ವನ್ನು ಜಿನಚಂದ್ರ ಹೆಂಡತಿಗೆ ಹೇಳದೆ ಬೆಂಗಳೂರಿನಿಂದ ತಂದು, ತಲೆದಿಂಬಿನ ಹತ್ತಿರ ಇಟ್ಟು ಅಂಗಡಿಗೆ ಹೋದ.

ಕಲಿಸುವುದು ಮಾತ್ರ ಸುಲಭವಾಗಲಿಲ್ಲ.

"ಕೆಪಾಸಿಟರ್ ಅಂದ್ರೇನು?"

"ತುಂಬ್ಕತದೆ, ಬುಡ್ತದೆ. ತೊಟ್ಟಿ ಇದ್ದಂಗೆ ಕಣಮ್ಮಾವ್ರೆ."

ಎಷ್ಟು ಸರಿಯಾದ ಉತ್ತರ! ಅದನ್ನು ಬಿಟ್ಟು, ಅವನಿಗೆ ಅರ್ಥವಾಗದ ಹನ್ನೆರಡು ಇಂಗ್ಲಿಷ್ ಪದಗಳನ್ನು ಗಿಳಿಯ ಹಾಗೆ ಒಪ್ಪಿಸುವುದನ್ನು ಅವಳು ಕಲಿಸಬೇಕಿತ್ತು. ತಿಳಿದವನನ್ನು ತಿಳಿಯದವನಂತೆ ಮಾಡಿ ಪಾಸು ಮಾಡಿಸುವ ಈ ಕೆಲಸ ಅವಳಿಗೆ ಹೇಸಿಗೆ ಹುಟ್ಟಿಸುತ್ತಿತ್ತು. ಸಿಟ್ಟು ಅವನ ಮೇಲೇ ಹರಿಯುತ್ತಿತ್ತು. ಅವನು ಕೊರಗುತ್ತಿರಲಿಲ್ಲ. "ಪಟಾಲಮ್ಮಲ್ಲಿ ಸುಬೇದಾರ ಒದೀತಿದ್ದ, ನೀವು ಬರೀ ಬೈತೀರಿ" ಎಂದು ನಕ್ಕು ಮತ್ತೆ ಬಾಯಿಪಾಠಕ್ಕೆ ಕೂರುತ್ತಿದ್ದ. ಒಂದೂವರೆ ವರ್ಷದಲ್ಲಿ ಬಾಯಿಪಾಠದ ಪದಗಳು ಒಂದೊಂದಾಗಿ ಅರ್ಥ ಬಿಟ್ಟುಕೊಡತೊಡಗಿದವು. ಒಂದು ದಿನ ಅವನೇ ಅವಳ ಪುಸ್ತಕದ ಒಂದು ಚಿತ್ರದಲ್ಲಿ ಅಚ್ಚಿನ ತಪ್ಪು ಹಿಡಿದ. ಆ ದಿನ ಅವಳು ಅವನಿಗೆ ಬೈಯಲಿಲ್ಲ.

ಅರವತ್ತೇಳರಲ್ಲಿ ಚಿಕ್ಕಯ್ಯ ಪಾಸಾದ. ವಿಚಾರಣೆ, ಮೊಹರು, ಮತ್ತೊಂದು ಮೊಹರು ಎಲ್ಲ ಆಗಿ ಲೈಸೆನ್ಸು ಕೈಸೇರಿದಾಗ ಅರವತ್ತೊಂಬತ್ತರ ಮಾರ್ಚಿ. ದೇವರಾಜುವಿನ ವಿಲಾಯಿತಿ ಸೆಟ್ಟಿಗೆ ಇನ್ನೂ ಲೈಸೆನ್ಸು ಬಂದಿರಲಿಲ್ಲ. ಅವನ ಹೊಸ ಮನವಿ ತಯಾರಾಗುತ್ತಿದೆ ಎಂದು ಸುದ್ದಿ.

ಗೊತ್ತುಮಾಡಿದ್ದ ದಿನ ಸಂಜೆ ಆರಕ್ಕೆ ಅನಂತಮತಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಜಿನಚಂದ್ರ ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಸದ್ದಿಲ್ಲದೆ ನಿಂತ. ಗೊರಗೊರದ ನಡುವೆ ಅರಕಲಗೂಡಿನ ಕೀ ಎದ್ದಿತು. ಸ್ಪಷ್ಟವಾದ, ಪಟಾಲಮ್ಮಿನ ಗಟ್ಟಿ ಕೈ. ನಿಯಮದ ಪ್ರಕಾರ ಮೊದಲು, ಲೈಸೆನ್ಸಿನಲ್ಲಿ ಕೊಟ್ಟ, ಎರಡೂ ಕಡೆಯ ಗುರುತಿನ ಅಕ್ಷರ ಬರಬೇಕು. ಅದು ಬರಲಿಲ್ಲ. ಅವಳು ಹುಬ್ಬು ಗಂಟಿಕ್ಕಿ ಒಂದೊಂದೇ ಇಂಗ್ಲಿಷ್ ಅಕ್ಷರ ಬರೆದುಕೊಂಡಳು. ಕೂಡಿಸಿ ಓದಿದರೆ ಕನ್ನಡ.

"ಊಟ ಆಯ್ತಾ ಅಮ್ಮಾವ್ರೆ."

"ಏನಂತೆ?" ಎಂದು ಜಿನಚಂದ್ರ ಕೇಳಿದ.

"ಗುರುತಿನ ಅಕ್ಷರ ಮರೆತಿದ್ದಾನೆ, ಕತ್ತೆ. ಎರಡು ವರ್ಷ ಅರೆದು ಕುಡಿಸಿದ್ದೆ" ಎಂದಳು. ಕೀ ಮೇಲೆ ಕೈಯಿಟ್ಟು ಮೊದಲು ಅವನ ಗುರುತನ್ನು, ಆಮೇಲೆ ತನ್ನದನ್ನು, ಅವನಿಗೆ ಪಾಠವಾಗಲೆಂದು ಎರಡೆರಡು ಸಲ ಒತ್ತಿ ಕಳಿಸಿದಳು. ಅದಾದ ಮೇಲೆ ಕನ್ನಡದಲ್ಲೇ, ಊಟ ಆಯ್ತು ಎಂದು ಹೇಳಿ, ನಿಮ್ಮದು ಎಂದು ಕೇಳಿದಳು.