ಬಿಡಿ

"ಎಂಜಿನ್ ಯಾಕ್ರೀ ಆಫ್ ಮಾಡಿದ್ರಿ?" ಬಿಳಿ ಟೋಪಿಯ ಪ್ರವಾಸಿ ಎದ್ದು ನಿಂತ. ದೋಣಿ ಓಲಾಡಿತು. ಅವನ ಹೆಂಡತಿ ಅಂಚು ಹಿಡಿದುಕೊಂಡಳು.

"ತಿಮಿಂಗಿಲದ ಮರಿ ಇದೆ ಸ್ವಾಮಿ. ಹತ್ರ ಮರಿ ಇದ್ರೆ ಎಂಜಿನ್ ಹಾಕೋ ಹಾಗಿಲ್ಲ," ಎಂದ ದೋಣಿ ನಡೆಸುವ ಭಾವ, ಹಿಂದೆ ಎಂಜಿನ್ನಿನ ಪಕ್ಕದಿಂದ. ಅದು ಸಾಗರಧಾಮದ ಕಾನೂನು. ಕಾನೂನಿಲ್ಲದಿದ್ದರೂ ಅವನು ಹಾಕುತ್ತಿರಲಿಲ್ಲ. ಆ ಮರಿಯ ತಾಯಿಯನ್ನು "ನಮ್ಮ ಬಾಣಂತಿ" ಎಂದೇ ಕರೆಯುತ್ತಿದ್ದ.

ದೋಣಿಯ ಮುಂದೆ ನಿಂತು ತಿಮಿಂಗಿಲ ಹುಡುಕುವುದು ಅವನ ಭಾಮೈದನ ಕೆಲಸ. ಹುಡುಕಿದ್ದಕ್ಕಿಂತ ಹರಟಿದ್ದೇ ಹೆಚ್ಚು. "ಇವನ ಬಾಯಿಗೆ ರಜಾನೇ ಇಲ್ಲ" ಎಂದು ಭಾವ ಪ್ರವಾಸಿಗರನ್ನು ನಗಿಸುತ್ತಿದ್ದ. ಆದರೂ ಅವನು "ಬಿಡಿ" ಎಂದರೆ ಭಾವ ತಲೆ ಎತ್ತಿ ನೋಡದೆ ದೋಣಿ ಬಿಡುವುದು, "ಸಾಕು" ಎಂದರೆ ನಿಲ್ಲಿಸುವುದು. ಅಕ್ಕನ ಮದುವೆಯಾದಾಗಿನಿಂದ ಇಬ್ಬರದೂ ಇದೇ ಲೆಕ್ಕ.

ಮರಿ ದೋಣಿಯ ಹಿಂಬದಿಗೇ ಬಂದು ಮೂತಿ ಉಜ್ಜುತ್ತಿತ್ತು. ಟೋಪಿಯವನ ಕಣ್ಣೆಲ್ಲ ದೂರದ ತಾಯಿಯ ಮೇಲೆ. "ಇಷ್ಟು ದೂರ ಬಂದಿರೋದು ಬಾಲ ನೋಡೋಕಾ? ಹತ್ರ ತಗೊಂಡು ಹೋಗೋ!"

"ಆಗಲ್ಲ ಸ್ವಾಮಿ."

ರಜೆ ಹಾಕಿ ಬಂದವರ ಸಿಟ್ಟಿಗೆ ಕಾರಣ ಬೇರೆ ಬೇಕೆ? ಅವನು ನುಗ್ಗಿ ಬಂದು ಭಾವನ ಕುತ್ತಿಗೆಪಟ್ಟಿ ಹಿಡಿದು ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಚಿಮ್ಮಿತು. ಇನ್ನೊಂದು ಗುದ್ದಿದ. ಭಾವನ ತಲೆ ಹಲಗೆಗೆ ಬಡಿದು ಹಣೆ ಒಡೆಯಿತು. ಭಾಮೈದ ಸೀಟು ಹಾರಿ ಓಡಿಬರುತ್ತ ಗಂಟಲು ಹರಿಯುವಂತೆ ಕಿರುಚಿದ:

"ಬಿಡಿ! ಬಿಡಿ!"

ಭಾವನ ಕಣ್ಣಿಗೆ ರಕ್ತ ಇಳಿದಿತ್ತು. ಕೈಗೆ ಮಾತ್ರ ಆ ದನಿ ಗೊತ್ತಿತ್ತು. ಅದು ಕೀ ತಿರುಗಿಸಿತು.

ಎಂಜಿನ್ ಗರ್ಜಿಸಿತು. ಅಡಿಯಲ್ಲಿ ಏನೋ ಮೆತ್ತಗೆ ತಗುಲಿ ದೋಣಿ ಎಗರಿತು. ಭಾವ ತಡಕಾಡಿ ಎಂಜಿನ್ ಆರಿಸುವಷ್ಟರಲ್ಲಿ ಹಿಂದಿನ ನೀರು ಕೆಂಪಾಗಿತ್ತು. ಮರಿಯ ಬೆನ್ನು ಸೀಳಿಹೋಗಿತ್ತು. ತಾಯಿ ಬಂದು ಅದನ್ನು ಬೆನ್ನ ಮೇಲೆ ಎತ್ತಿಕೊಂಡಿತು. ಮರಿ ಜಾರಿತು. ಮತ್ತೆ ಎತ್ತಿಕೊಂಡಿತು.

ಹೆಂಡತಿ ಟೋಪಿಯವನ ತಲೆ ಹಿಡಿದು ಆ ಕಡೆ ತಿರುಗಿಸಿದಳು. "ಹತ್ರದಿಂದ ನೋಡ್ಬೇಕಿತ್ತಲ್ಲ? ನೋಡಿ. ಕಣ್ತುಂಬಾ ನೋಡಿ." ಅವನು ಕಣ್ಣು ಮುಚ್ಚಿಕೊಂಡ.

"ನೀನೇ ಅಲ್ವೇನೋ ಬಿಡಿ ಅಂದಿದ್ದು?" ಎಂದ ಭಾವ.

"ಅವರಿಗೆ ಹೇಳಿದ್ದು ಭಾವ... ನಿಮ್ಮನ್ನ ಬಿಡಿ ಅಂತ."

ಭಾವ ಅಳುತ್ತಿದ್ದ. ನೀರು ತಿಳಿಯಾಗಲಿಲ್ಲ. ತಾಯಿ ಮರಿಯನ್ನು ಎತ್ತುತ್ತಲೇ ದೂರ ಸರಿಯಿತು. ಬಹಳ ಹೊತ್ತಿನ ಮೇಲೆ ಭಾವ ಕೀ ಮೇಲೆ ಕೈಯಿಟ್ಟು ಕಾದ.

"ಬಿಡ್ಲೇನೋ?"

ಭಾಮೈದ ಬಗ್ಗಿ, ಸೀಟಿನ ಕೆಳಗಿದ್ದ ಹುಟ್ಟು ಎಳೆದುಕೊಂಡು ನೀರಿಗೆ ಇಳಿಸಿದ.